ತಾಮ್ರದ ಮೀನು

ದೀಪ ಈ ಸಲವೂ ಹತ್ತಲಿಲ್ಲ. ಓರಿನ್ ತಾಮ್ರದ ತಗಡಿನಿಂದ ಬೆರಳು ತೆಗೆದು ಪ್ಯಾಂಟಿಗೆ ಒರೆಸಿಕೊಂಡ, ತಪ್ಪು ಬೆರಳಿನದೇ ಇರಬಹುದು ಎಂಬಂತೆ.

ತಗಡನ್ನು ಅವನೇ ಮೀನಿನ ಆಕಾರಕ್ಕೆ ಕತ್ತರಿಸಿದ್ದ. ಮುಟ್ಟಿದರೆ ಹಿಂದಿನ ದೀಪ ಹತ್ತಬೇಕು. ಮುಟ್ಟಿದ್ದನ್ನು ಅರಿಯುವುದು ಒಂದು ಸೆನ್ಸರ್ ಬೋರ್ಡು. ದೀಪ ಹತ್ತಿಸುವುದು ಪಕ್ಕದಲ್ಲಿದ್ದ ಮೈಕ್ರೋಕಂಟ್ರೋಲರ್. ನಡುವೆ ಎರಡು ತಂತಿ, ಹಳದಿ ಮತ್ತು ನೀಲಿ. ಇದರ ಮಾತು ಅದಕ್ಕೆ ತಲುಪುತ್ತಿರಲಿಲ್ಲ.

ಅಮೆರಿಕದ ಡುಲೂತ್‌ನ ಚರ್ಚೊಂದರ ನೆಲಮಾಳಿಗೆಯಲ್ಲಿದ್ದ ಆ ವರ್ಕ್‌ಶಾಪಿಗೆ ಶನಿವಾರ ಯಾರು ಬೇಕಾದರೂ ಬರಬಹುದಿತ್ತು. ಊಟಕ್ಕೆ ಏನಾದರೊಂದು ಮಾಡಿ ತರಬೇಕು, ಅಷ್ಟೆ. ತಾನು ಪಾಠ ಮಾಡುತ್ತಿದ್ದ ತತ್ವಶಾಸ್ತ್ರ ವಿಭಾಗವನ್ನು ಕಾಲೇಜು ಮುಚ್ಚಿದ ಮೇಲೆ ಓರಿನ್ ತಪ್ಪದೆ ಬರುತ್ತಿದ್ದ. ಇಲ್ಲಿ ಯಾರೂ ಅವನ ಅಭಿಪ್ರಾಯ ಕೇಳುತ್ತಿರಲಿಲ್ಲ. ಅದು ಹಿತವಾಗಿತ್ತು. ಹಿತವಾಗಿದೆಯೆಂದು ಆಗಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಮಧ್ಯಾಹ್ನ ಲೈಬ್ರರಿಯ ಮಕ್ಕಳ ವಿಭಾಗದ ಮಾರ್ಲಿಸ್ ನೋಡಲು ಬರುವವಳಿದ್ದಳು. ಮೀನು ಬೆಳಗಿದರೆ ಅವಳ ವಿಭಾಗದ ಗೋಡೆಗೆ ಮೀನು, ಇಲ್ಲದಿದ್ದರೆ ಟಿ.ವಿ. ಪರದೆ. ಕೆಲಸ ಹೋದಮೇಲೆ ಅವನಿಂದ ಯಾರಾದರೂ ಏನಾದರೂ ಬೇಕೆಂದು ಕೇಳಿದ್ದು ಇದೇ ಮೊದಲು.

ಎದುರು ಬೆಂಚಿನ ಡೆಲ್ಬರ್ಟ್, ನಿವೃತ್ತ ರೇಡಿಯೊ ಎಂಜಿನಿಯರ್, ಚಿಲ್ಲಿ ಎಂಬ ಬೀನ್ಸ್ ಸಾರಿನ ಬಟ್ಟಲು ಹಿಡಿದು ಬಂದು ಬಗ್ಗಿ ನೋಡಿದ.

"ಕಪ್ಪು ತಂತಿ ಎಲ್ಲಿ ಮೇಷ್ಟ್ರೇ?"

"ಎರಡಕ್ಕೂ ಇದೆಯಲ್ಲ."

"ಅದರದ್ದು ಅದರ ಬ್ಯಾಟರಿಗೆ, ಇದರದ್ದು ಕಂಪ್ಯೂಟರಿಗೆ. ಒಂದಕ್ಕೊಂದು ಸೇರಿಸೇ ಇಲ್ಲ. ವೋಲ್ಟೇಜು ಎಣಿಸೋಕೆ ಅದರ ಸೊನ್ನೆ ಬೇರೆ, ಇದರ ಸೊನ್ನೆ ಬೇರೆ. ನಾನೂ ನನ್ ಮೊದಲನೇ ಹೆಂಡ್ತೀನೂ ಹಿಂಗೇ ವರ್ಷಗಟ್ಟಲೆ ಮಾತಾಡಿದ್ವಿ."

ಓರಿನ್ ಸ್ವಲ್ಪ ತಡವಾಗಿ ನಕ್ಕ. ಕಪ್ಪಿಗೆ ಕಪ್ಪು ಸೇರಿಸಿದ. ಮುಟ್ಟಿದ. ಮೀನು ಬೆಳಗಿತು.

ಮಾರ್ಲಿಸ್ ಬೂಟಿನ ಹಿಮ ಕೊಡವಿಕೊಂಡು ಬಂದವಳೇ ಮೀನನ್ನು ಮುಟ್ಟಿದಳು, ಬಿಟ್ಟಳು, ಮತ್ತೆ ಮುಟ್ಟಿದಳು. ಕೋಟು ತೆಗೆಯಲೂ ಮರೆತಿದ್ದಳು. ಆಮೇಲೆ ಯೋಚನೆಗೆ ಬಿದ್ದಳು. ಮಕ್ಕಳು ಗೋಡೆಗೆ ಒರಗುತ್ತಾರೆ, ಒರಗಿಕೊಂಡೇ ನಿದ್ದೆ ಹೋಗುತ್ತಾರೆ. ಆಗ ಇಡೀ ದಿನ ಉರಿಯುತ್ತಲೇ ಇರುತ್ತದೆಯೇ ಎಂದು ಕೇಳಿದಳು. ಇರುತ್ತದೆ ಎಂದ.

"ಹಾಗಾಗ್ಬಾರ್ದು ಓರಿನ್. ಯಾರಾದ್ರೂ ಬಂದ್ರೆ ಗೊತ್ತಾಗ್ಲಿ. ಬಂದು ಅಲ್ಲೇ ಉಳ್ಕೊಂಡ್ರೆ ಲೆಕ್ಕಕ್ಕಿಡೋದು ಬೇಡ."

ಕಷ್ಟದ ಕೆಲಸವೇನಲ್ಲ. ಅಲುಗದೆ ಇದ್ದುಬಿಡುವುದನ್ನೆಲ್ಲ ಸ್ವಲ್ಪ ಹೊತ್ತಿನ ನಂತರ ಗೋಡೆಯೆಂದೇ ಎಣಿಸಿ ದೀಪ ಆರಿಸುವಂತೆ ನಾಲ್ಕಾರು ಸಾಲು ಕೋಡ್ ಬರೆದ. ಬರೆದದ್ದು ಚೊಕ್ಕವಾಗಿತ್ತು. ಪರೀಕ್ಷಿಸಲು ಅಂಗೈಯನ್ನು ಮೀನಿನ ಮೇಲಿಟ್ಟ. ದೀಪ ಹತ್ತಿತು.

ಹಾಗಾದರೆ ಗೋಡೆಗೆ ಇದೇ ಎಂದು ಮಾರ್ಲಿಸ್ ಹೇಳಿ, ಡೆಲ್ಬರ್ಟ್ ಕರೆದನೆಂದು ಚಿಲ್ಲಿಯ ಕಡೆ ನಡೆದಳು.

ಓರಿನ್‌ಗೆ ನಿಜವಾಗಿಯೂ ಸಂತೋಷವಾಯಿತು. ಯಾರಿಗೆ ಹೇಳಲಿ ಎಂದು ಯೋಚಿಸಿದ. ಯಾರೂ ಹೊಳೆಯಲಿಲ್ಲ. ಅದರಿಂದ ದುಃಖವೂ ಆಗಲಿಲ್ಲ.

ದೀಪ ಆರಿತು, ಅವನು ಬರೆದಿದ್ದಂತೆಯೇ.

"ಸರಿಯಾಗಿದೆ," ಎಂದ. ಅವರಿಬ್ಬರೂ ಅತ್ತ ಏನಕ್ಕೋ ನಗುತ್ತಿದ್ದರು.

ಒಮ್ಮೆ ಕೈಯೆತ್ತಿ ಮತ್ತೆ ಇಟ್ಟಿದ್ದರೆ ಸಾಕಿತ್ತು, ದೀಪ ಹತ್ತುತ್ತಿತ್ತು. ಅವನು ಎತ್ತಲಿಲ್ಲ. ಕಪ್ಪಾದ ಮೀನಿನ ಮೇಲೆ ಅಂಗೈ ಹಾಗೇ ಇತ್ತು. ಎಲ್ಲಿ ಚರ್ಮ ಮುಗಿಯಿತು, ಎಲ್ಲಿ ತಾಮ್ರ ಶುರುವಾಯಿತು ಎಂದು ತಿಳಿಯದ ಹಾಗೆ ಎರಡೂ ಒಂದೇ ಸಮ ಬೆಚ್ಚಗಿದ್ದವು.