ಶಾಲಿನ ಕೆಳಗಿನ ಮೊಣಕಾಲು

ಬಿಸಿ, ಇನ್ನೂ ಬಿಸಿಯೇ, ಶಾಲಿನ ಕೆಳಗೆ ನನ್ನ ಅಂಗೈ, ಅಂಗೈಯ ಕೆಳಗೆ ಜಯರಾಜನ ಮೊಣಕಾಲು, ಬೆಳಿಗ್ಗೆ ಎಣ್ಣೆ ಹಚ್ಚುವಾಗ ಇದ್ದದ್ದಕ್ಕಿಂತ ಈಗ ಹೆಚ್ಚು ಬಿಗಿದಿದೆ, ಗಿಲ್‌ರಾಯ್‌ನ ಮನೆಯಿಂದ ಇಲ್ಲಿಯವರೆಗೆ ಮಡಚಿಕೊಂಡೇ ಕೂತಿದ್ದಾನಲ್ಲ ಮಗ, ಎರಡೇ ಬಾಗಿಲಿನ ಕಾರು, ಮುಂದಿನವರು ಇಳಿಯದೆ ಹಿಂದಿನವರು ಇಳಿಯುವ ಹಾಗಿಲ್ಲ – ಮುಂದೆ ಇವರು ಗಾಡಿ ಓಡಿಸುತ್ತ ಮಾತಾಡುತ್ತಿದ್ದಾರೆ, ಪಕ್ಕದಲ್ಲಿ ಇವರ ಚಿಕ್ಕಪ್ಪನ ಮಗ ಭೋಜ, ಅದೇ ಮಾತು, ಈ ದೇಶದ ಫುಟ್ಬಾಲಿನಲ್ಲಿ ಚೆಂಡು ಅಪ್ಪಿಕೊಂಡು ಓಡುವವರನ್ನು, ರನ್ನಿಂಗ್ ಬ್ಯಾಕುಗಳನ್ನು, ಯಾವ ಕಾಲೇಜು ಚೆನ್ನಾಗಿ ತಯಾರು ಮಾಡುತ್ತದೆ ಎಂದು. ಯುಎಸ್‌ಸಿ, ಮತ್ತೆ ಮಾತೇ ಇಲ್ಲ, ಎನ್ನುತ್ತಾರೆ ಇವರು, ಓಡುವವರೇ ನಾಲ್ಕು ಹೈಸ್ಮನ್ ಟ್ರೋಫಿ ತಂದಿದ್ದಾರೆ, ವರ್ಷಕ್ಕೆ ಇಡೀ ದೇಶದಲ್ಲಿ ಒಬ್ಬನಿಗೆ ಸಿಗುವುದು, ಗೊತ್ತುಂಟಾ. ಆ ಬಿಸಿಲಲ್ಲಿ ಯಾರು ಬೇಕಾದ್ರೂ ಓಡ್ತಾರೆ ಅಣ್ಣ, ನೆಬ್ರಾಸ್ಕಾದ ಚಳಿಯಲ್ಲಿ ಓಡಿ ತೋರಿಸ್ಲಿ. ನೀನು ನೆಬ್ರಾಸ್ಕಾ ನೋಡಿದ್ದೀಯಾ ಮಾರಾಯ. ಟಿವಿಯಲ್ಲಿ ನೋಡಿದ್ದೇನೆ, ನೀವು ಟ್ರೋಫಿ ನೋಡಿದ ಹಾಗೆ. ಇಬ್ಬರೂ ನಗುತ್ತಾರೆ, ಜಯರಾಜನೂ ನಗುತ್ತಾನೆ, ನಕ್ಕಾಗ ಕಾಲು ಅಲುಗಿತು, ನಗು ಅರ್ಧಕ್ಕೆ ನಿಂತಿತು, ಅದು ಗೊತ್ತಾದದ್ದು ನನ್ನ ಅಂಗೈಗೆ ಮಾತ್ರ.

ಡೋಂಟ್ ಟೆಲ್ ಡ್ಯಾಡ್, ಅಮ್ಮಾ, ಪ್ರಾಮಿಸ್ ಎಂದಿದ್ದ, ಹೈಸ್ಕೂಲು ತಂಡದ ಕೊನೆಯ ಆಟ ಮುಗಿಸಿ ಬಂದ ದಿನ, ಬಚ್ಚಲಿನ ಬಾಗಿಲು ಹಾಕಿಕೊಂಡು, ನಾನು ಪ್ರಾಮಿಸ್ ಎಂದೆ, ಎರಡು ದಿನದ ನೋವು ಎಂದುಕೊಂಡೆ, ಥ್ಯಾಂಕ್ಸ್‌ಗಿವಿಂಗ್ ಹೋಯಿತು, ಕ್ರಿಸ್‌ಮಸ್ ಹೋಯಿತು, ಊತ ಹೋಗಲಿಲ್ಲ, ಡಾಕ್ಟರ ಹತ್ತಿರ ಹೋಗೋಣವೆಂದರೆ ಕೋಚಿಗೆ ಗೊತ್ತಾಗುತ್ತೆ ಎನ್ನುತ್ತಾನೆ. ಈಗ ಪಾಲೋ ಆಲ್ಟೋದ ಹೋಟೆಲಿನಲ್ಲಿ ಕಾದಿರುವವನು ಬೇರೆ ಕೋಚು, ದೂರದ ಕಾಲೇಜಿನವನು, ಅವನು ಇವತ್ತು ಹೂಂ ಎಂದರೆ ಓದು, ಊಟ, ವಸತಿಯ ಖರ್ಚೆಲ್ಲ ಅವರದು, ಬೇಸಿಗೆಯಿಂದ ಓಟ, ಗೋಡೆಯಂಥ ಹುಡುಗರು ದಿನವೂ ಬಂದು ಇದೇ ಕಾಲಿಗೆ ಅಪ್ಪಳಿಸುವ ಓಟ. ಇವರಿಗೆ ಹೇಳಿಬಿಟ್ಟರೆ ಹದಿನೇಳರ ಹುಡುಗ ಇನ್ನು ನನಗೆ ಏನನ್ನೂ ಹೇಳುವುದಿಲ್ಲ, ಅವನು ಬಾಯಿ ಬಿಡುವುದು ನನ್ನೊಬ್ಬಳ ಮುಂದೆ, ಹೇಳದಿದ್ದರೆ ಈ ಕಾಲು – ಕೋಚಿನ ಹತ್ತಿರ ನೆಟ್ಟಗೆ ಮಾತಾಡು ಜಯ, ಐ ವಾಂಟ್ ದ ಬಾಲ್ ಅಂತ ಹೇಳು. ಓಕೆ ಡ್ಯಾಡ್. ಕನ್ನಡಿಯಲ್ಲಿ ಇವರ ಕಣ್ಣು, ಎಷ್ಟು ಸಂತೋಷ, ಎಪ್ಪತ್ತನೇ ಇಸವಿಯಲ್ಲಿ ಈ ದೇಶಕ್ಕೆ ಬಂದಾಗಿನಿಂದ ಹದಿನೈದು ವರ್ಷ ಆಫೀಸಿನಲ್ಲಿ ಸರ್ವೋತ್ತಮ ಎಂದು ಸರಿಯಾಗಿ ಕರೆದವರಿಲ್ಲ, ಈಗ ಜಯರಾಜನನ್ನು ಜೇ ಮಾಡಿಕೊಂಡು, ಜೇಸ್ ಡ್ಯಾಡ್ ಎಂದು ಪ್ರತಿ ಸೋಮವಾರ ಆಟದ ಸುದ್ದಿ ಕೇಳಲು ಕುರ್ಚಿ ಎಳೆದು ಕೂರಿಸುತ್ತಾರಂತೆ, ಸೋಮವಾರದ ಆ ಕುರ್ಚಿಯನ್ನೂ ನಾನೇ ಕಿತ್ತುಕೊಳ್ಳಬೇಕು.

ಫ್ರೀವೇ ನಿಂತೇಬಿಟ್ಟಿದೆ, ಎಡಕ್ಕೂ ಕಾರು ಬಲಕ್ಕೂ ಕಾರು, ಭೋಜನ ಮಾತು ಒಕ್ಲಹೋಮಕ್ಕೆ ಬಂದಿದೆ, ಅಲ್ಲಿ ನೆಲ ಅಗೆದರೆ ರನ್ನಿಂಗ್ ಬ್ಯಾಕು ಸಿಗ್ತಾರೆ ಅಣ್ಣ, ಎನ್ನುತ್ತಾನೆ. ನಾನು ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲೂ ಒಬ್ಬರು ಸಿಕ್ಕಿದ್ದಾರೆ, ಮಿಸ್ಟರ್ ಡಾಲ್ಟನ್, ಅಷ್ಟೇನೂ ಮುದುಕರಲ್ಲ, ಪ್ಯಾಂಟು ತೊಡಿಸುವಾಗ ಒಂದೊಂದೇ ಕಾಲನ್ನು ನಾನೇ ಎತ್ತಬೇಕು, ಎತ್ತಿದಾಗಲೆಲ್ಲ ತನ್ನ ಕಾಲೇಜಿನ ಹೆಸರು ಹೇಳುತ್ತಾರೆ, ಹನಿ, ವಿ ಹ್ಯಾಡ್ ದ ಬೆಸ್ಟ್ ಬ್ಯಾಕ್ಸ್, ಆ ಹೆಸರು ಈ ಇಬ್ಬರ ಬಾಯಲ್ಲಿ ಇನ್ನೂ ಬಂದೇ ಇಲ್ಲ. ಅಲ್ಲಿ ಮೊದಲು ಕಲಿಸಿದ್ದು ಒಂದೇ, ಎಬ್ಬಿಸಿ ನಿಲ್ಲಿಸಿದ ಮೇಲೆ ಮುಖ ನೋಡಬೇಡ, ನೋವಿಲ್ಲ ಎಂದು ಎಲ್ಲರೂ ನಗುತ್ತಾರೆ, ಹಿಮ್ಮಡಿ ನೋಡು, ಹಿಮ್ಮಡಿ ಊರಿದರೆ ಕೈ ಬಿಡು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮಗನ ಹಿಮ್ಮಡಿ ಊರಲಿಲ್ಲ, ಕಾರಿನವರೆಗೆ ನಡೆದ, ಊರಲಿಲ್ಲ, ಇವರು ಮುಂದೆ ಹೋಗಿ ಗಾಜು ಒರೆಸುತ್ತಿದ್ದರು. ನೀನು ಹೇಳು ಸರೋಜಿನಿ, ಯುಎಸ್‌ಸಿಯಾ ಒಕ್ಲಹೋಮವಾ. ಅತ್ತಿಗೆಗೆ ಎಂತ ಗೊತ್ತು ಅಣ್ಣ, ಓಡುವವ ಯಾರು ಬೀಳಿಸುವವ ಯಾರು ಅಂತ್ಲೇ ಗೊತ್ತಿಲ್ಲ. ಬಿದ್ದವರು ಗೊತ್ತು ಭೋಜ, ಎಂದೆ. ಶಾಲಿನ ಕೆಳಗೆ ಮಗನ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು, ಗಟ್ಟಿ, ಬೆವರು, ಚಿಕ್ಕಂದಿನಲ್ಲಿ ಸೂಜಿ ಚುಚ್ಚಿಸುವಾಗ ಹಿಡಿಯುತ್ತಿದ್ದ ಹಾಗೆ.

ತಲೆ ಸುತ್ತುತ್ತದೆ ರೀ, ಮುಂದಿನ ಎಕ್ಸಿಟಲ್ಲಿ ನಿಲ್ಲಿಸಿ, ಒಂದು ಕಾಫಿ ಬೇಕು. ತಡ ಆಗ್ತದೆ. ಆಗಲಿ, ನಿಲ್ಲಿಸಿ. ಗ್ಯಾಸ್ ಸ್ಟೇಷನ್, ಇವರು ಇಳಿದು ಪೆಟ್ರೋಲಿನ ಪೈಪು ಎತ್ತಿಕೊಂಡರು, ನಿಂತಲ್ಲಿಂದಲೇ ಮಾತು, ಕೂತುಕೊಳ್ಳಿ ಅತ್ತಿಗೆ, ನಾನು ತರ್ತೇನೆ, ಎಂದ ಭೋಜ. ಬೇಡ, ಜಯರಾಜ ತರಲಿ, ಕಾಲು ಚಾಚಿದ ಹಾಗೂ ಆಯ್ತು. ಅವನು ನನ್ನನ್ನು ನೋಡಿದ, ಅಮ್ಮಾ, ಯು ಪ್ರಾಮಿಸ್ಡ್, ತುಟಿ ಮಾತ್ರ. ನಾನೆಂತ ಹೇಳಿದೆ ಮಗ, ಕಾಫಿ ಕೇಳಿದೆ ಅಷ್ಟೇ. ಭೋಜ ಇಳಿದು ಸೀಟು ಬಗ್ಗಿಸಿದ, ಮಗ ಬಾಗಿಲಿನ ಚೌಕಟ್ಟು ಹಿಡಿದ, ಎಡಗಾಲು ಹೊರಗೆ, ಮೈಯೆಲ್ಲ ಎಡಕ್ಕೆ, ಆಮೇಲೆ ಬಲಗಾಲು, ಎರಡು ಕೈಯಲ್ಲೂ ಎತ್ತಿ ಇಟ್ಟ ಹಾಗೆ, ಒಂದು ಹೆಜ್ಜೆ, ಇನ್ನೊಂದು, ಕಾರಿನ ಹಿಂದಿನಿಂದ ಇವರ ದನಿ, ಟೆಕ್ಸಸ್ ಬಿಟ್ಟೇಬಿಟ್ಟೆವಲ್ಲ ಮಾರಾಯ, ಟೆಕ್ಸಸ್ಸಿನವರು ಓಡುವುದು – ಅಲ್ಲಿಗೆ ನಿಂತಿತು, ಪೈಪು ಕೈಯಲ್ಲೇ ಇದೆ, ಇವರು ನೋಡುತ್ತಿರುವುದು ಕೆಳಗೆ, ಹಿಮ್ಮಡಿ ಊರು ಮಗ, ಇಲ್ಲ, ಊರಬೇಡ, ನೋಡಲಿ, ಕಾಂಕ್ರೀಟಿನಿಂದ ಒಂದು ಬೆರಳು ಮೇಲೆ, ಬಿಳಿ ಶೂಸಿನ ಹಿಮ್ಮಡಿ, ಅಲ್ಲೇ, ಕೆಳಗಿಳಿಯದೆ, ಆ ಹಿಮ್ಮಡಿ