ಟೀಚರ್ ಆರಿಸಿಕೊಟ್ಟ ಟೆಲಿಸ್ಕೋಪ್

ಟಕ್.

ಅಕ್ಕನ ತಲೆ ಬಾಚುತ್ತಿದ್ದ ತಂಗಿಯ ಕೈ ನಿಂತಿತು. ನಡುರಾತ್ರಿ ಕಳೆದಿತ್ತು. ಬಂದವರೆಲ್ಲ ಕೂತಲ್ಲೇ ತೂಕಡಿಸುತ್ತಿದ್ದರು. ಹೊರಗೆ ಮೆಟ್ಟಿಲ ಕಡೆಯಿಂದ ಮತ್ತೊಮ್ಮೆ ಅದೇ ಸದ್ದು. ಲೋಹದ ಕೊಳವೆಗೆ ಉಗುರಿನಿಂದ ಬಡಿದ ಸದ್ದು. ಈ ಮನೆಯಲ್ಲಿ ಹಾಗೆ ಬಡಿಯುತ್ತಿದ್ದವಳು ಒಬ್ಬಳೇ. ಅವಳು ಈಗ ಮಂಚದ ಮೇಲೆ ಅಲುಗಾಡದೆ ಮಲಗಿದ್ದಳು.

ತಂಗಿ ಬಾಚಣಿಗೆ ಹಿಡಿದುಕೊಂಡೇ ಬಾಗಿಲಿಗೆ ಹೋದಳು. ಮೆಟ್ಟಿಲ ತಿರುವಿನಲ್ಲಿ ಬೇಕರಿಯವನು ಕೂತಿದ್ದ. ಮುಂದೆ ಮೂರು ಕಾಲೂರಿ ನಿಂತ ಅವನ ಟೆಲಿಸ್ಕೋಪು. ಟೀಚರ್ ಬಡಿಯುತ್ತಿದ್ದ ಹಾಗೇ ಅದರ ಕೊಳವೆಗೆ ಉಗುರಿನಿಂದ ಬಡಿಯುತ್ತಿದ್ದ. ಅವನ ಮೊಣಕೈ ತನಕ ಹಿಟ್ಟು.

"ಟೀಚರ್ ಇದನ್ನ ತಗೊಂಡು ಬಾ ಅಂದಿದ್ರಮ್ಮ, ಎಷ್ಟೊತ್ತಾದ್ರೂ ಸರಿ ಅಂದಿದ್ರು. ಹಿಟ್ಟು ಕಲಸಿ ತಮ್ಮನಿಗೆ ಒಪ್ಪಿಸಿ ಬಂದೆ. ಬಾಗಿಲಲ್ಲಿ ಇಷ್ಟೊಂದು ಚಪ್ಪಲಿ ನೋಡಿ ಕಾಲೇ ಬರ್ಲಿಲ್ಲ."

"ಅಕ್ಕ ಸಾಯಂಕಾಲ ಹೋದಳಪ್ಪ. ಎದೆ ನೋವು ಅಂದಳು, ಅಷ್ಟೇ."

ಅವನು ತಲೆ ತಗ್ಗಿಸಿದ. ಆಮೇಲೆ ಕೇಳದಿದ್ದರೂ ಹೇಳಿದ. ಈ ಟೆಲಿಸ್ಕೋಪನ್ನು ಟೀಚರೇ ಹಳೇ ಸಾಮಾನಿನ ಅಂಗಡಿಯಲ್ಲಿ ಆರಿಸಿ ಕೊಡಿಸಿದ್ದು. ತಮ್ಮದೂ ಇದೇ ಕಂಪನಿಯದು, ಇದೇ ಅಳತೆಯದು ಎಂದಿದ್ದರಂತೆ. ಆದರೆ ಅವನಿಗೆ ಅದರಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಚಂದ್ರನನ್ನು ನೋಡಿದರೆ ಹಾಲು ಚೆಲ್ಲಿದ ಹಾಗೆ, ನಕ್ಷತ್ರ ನೋಡಿದರೆ ಮಂಜಿನಲ್ಲಿ ಬೀದಿದೀಪ.

"ನಮ್ಮಪ್ಪನೂ ಓವನ್ ಮುಂದೆ ನಿಂತೂ ನಿಂತೂ ಕಣ್ಣು ಕಳ್ಕೊಂಡ್ರು. ಈಗ ನನ್ನ ಸರದಿ. ಬರೋ ವಾರ ಬೇಕರಿ ತಮ್ಮನ ಹೆಸರಿಗೆ ಮಾಡ್ತಿದ್ದೀನಿ."

"ಡಾಕ್ಟರಿಗೆ ತೋರಿಸ್ಲಿಲ್ವಾ?"

"ತೋರಿಸ್ದೆ. ಕಣ್ಣು ಸರಿಯಿದೆ ಅಂದ್ರು. ಟೆಲಿಸ್ಕೋಪು ಸರಿಯಿದೆ ಅಂತ ಟೀಚರ್ ಅಂದ್ರು. ಇಬ್ಬರಲ್ಲಿ ಒಬ್ರು ತಪ್ಪು ಹೇಳಿರ್ಬೇಕಲ್ಲ. ಟೀಚರ್ ಅಂತೂ ತಪ್ಪು ಹೇಳಲ್ಲ."

ತಂಗಿ ಟೆಲಿಸ್ಕೋಪನ್ನು ಹಿಂದಿನ ಕೋಣೆಯಲ್ಲಿ ಇಡಲು ಹೇಳಿ ಒಳಗೆ ಬಂದಳು. ಅಕ್ಕನ ಜಡೆ ಅರ್ಧಕ್ಕೆ ನಿಂತಿತ್ತು.

* * *

ಎರಡು ಮಳೆಗಾಲದ ಹಿಂದಿನ ಮಾತು. ಮಹಡಿಯ ಮೇಲೆ ಅಕ್ಕ ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಇವತ್ತು ಗಾಳಿ ಸರಿಯಿಲ್ಲ ಕಣೇ, ಶನಿ ಮಂಕಾಗಿದ್ದಾನೆ" ಎಂದಳು. ಕೊಳವೆಯ ಬಾಯಿಗೆ ಮುಚ್ಚಳ ಹಾಕಿದ್ದು ಹಾಗೇ ಇತ್ತು.

ತಂಗಿ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟಳು. ಅಕ್ಕ ಅದನ್ನು ಸವರಿ ನೋಡಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಏನನ್ನು ನೋಡಲು ಹೋದರೂ ನಟ್ಟ ನಡುವೆ ಒಂದು ಕಪ್ಪು ಕಲೆ ಅಡ್ಡ ಬರುತ್ತದೆ, ಅಂಚು ಮಾತ್ರ ಕಾಣುತ್ತದೆ ಎಂದಳು. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖವಿಲ್ಲ.

"ಯಾರಿಗೂ ಹೇಳ್ಬೇಡ. ಕಣ್ಣಿಲ್ಲದವಳ ಹತ್ರ ಆಕಾಶ ನೋಡೋಕೆ ಯಾರು ಬರ್ತಾರೆ?"

ಅಂದಿನಿಂದ ತಂಗಿಗೆ ಅದೊಂದು ಕೆಲಸವಾಯಿತು. ಮಂಡಿ ಹಿಡಿದುಕೊಂಡು ಮಹಡಿ ಹತ್ತುವುದು, ಗುರುವನ್ನೋ ಶನಿಯನ್ನೋ ಹುಡುಕಿ ಇಡುವುದು, ಕೊಳವೆಯ ಬುಡದಲ್ಲಿ ಬೆಳಕು ಹಿಡಿಯುವ ಕನ್ನಡಿಯನ್ನು ಬಿಚ್ಚಿ ತೊಳೆದು ಮತ್ತೆ ಕೂರಿಸುವುದು. ಅವಳಿಗೆ ನಕ್ಷತ್ರಗಳ ಹುಚ್ಚು ಯಾವತ್ತೂ ಇರಲಿಲ್ಲ. ನಿದ್ದೆಯ ಆಸೆ ಮಾತ್ರ ಇತ್ತು. ಕಲಿಯಲು ಬಂದವರಿಗೆ ಅಕ್ಕ, "ನಾನು ನೋಡಲ್ಲ, ನೀವೇ ನೋಡಿ ಹೇಳಿ" ಎನ್ನುತ್ತಿದ್ದಳು. ಅವರು ಹೇಳಿದ್ದನ್ನು ಕೇಳಿ ತಲೆಯಾಡಿಸುತ್ತಿದ್ದಳು.

ಕಲಿಯುವವರಿಗೆ ಟೆಲಿಸ್ಕೋಪು ಆರಿಸಲು ಹಳೇ ಸಾಮಾನಿನ ಅಂಗಡಿಗೂ ಇಬ್ಬರೂ ಜೊತೆಯಲ್ಲೇ ಹೋಗುತ್ತಿದ್ದರು. ಸ್ಟ್ಯಾಂಡನ್ನು ಅಕ್ಕ ಕೈಯಿಂದ ಪರೀಕ್ಷಿಸುವಳು, ಕನ್ನಡಿಯನ್ನು ತಂಗಿ ಕಣ್ಣಿಂದ. ಬೇಕರಿಯವನನ್ನು ಕರೆದುಕೊಂಡು ಅಕ್ಕ ಒಬ್ಬಳೇ ಅಂಗಡಿಗೆ ಹೋದಾಗ ತಂಗಿ ಮಗಳ ಬಾಣಂತನಕ್ಕೆ ಹೋಗಿದ್ದಳು.

* * *

ಬೆಳಿಗ್ಗೆ, ಹೆಣ ಒಯ್ಯುವ ವಾಹನ ಬರುವ ಮೊದಲು, ತಂಗಿ ಹಿಂದಿನ ಕೋಣೆಗೆ ಹೋಗಿ ಬೇಕರಿಯವನ ಟೆಲಿಸ್ಕೋಪಿನ ಬಾಯೊಳಗೆ ಇಣುಕಿದಳು. ಬುಡದಲ್ಲಿದ್ದ ಕನ್ನಡಿಯನ್ನು ಯಾರೋ ಪುಣ್ಯಾತ್ಮರು ಪಾತ್ರೆ ಉಜ್ಜಿದಂತೆ ಉಜ್ಜಿಟ್ಟಿದ್ದರು. ಮೈತುಂಬ ಸುತ್ತುಸುತ್ತಾದ ಗೀರು, ಹೊಳಪು ಪೂರಾ ಮಾಸಿತ್ತು. ಕಣ್ಣಿದ್ದವರು ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಹೊರಗೆ ಆಕಾಶ ವೀಕ್ಷಕರ ಸಂಘದ ಕಾರ್ಯದರ್ಶಿ ಬಂದವರ ನಡುವೆ ನಿಂತು ಹೇಳುತ್ತಿದ್ದರು, "ಟೀಚರ್ ಟೆಲಿಸ್ಕೋಪು ಆರಿಸೋದು ಅಂದ್ರೆ ಹೆಣ್ಣಿಗೆ ಗಂಡು ನೋಡಿದ ಹಾಗೆ ಕಣ್ರಿ. ಮುಖ ಆಮೇಲೆ, ಮೊದ್ಲು ಕಾಲೂರಿ ನಿಲ್ತಾನಾ ನೋಡಿ ಅನ್ನೋರು."

"ನಿಮ್ಮನ್ನೂ ಹಾಗೇ ನೋಡಿದ್ದಿದ್ರೆ ಇನ್ನೂ ಮದ್ವೆ ಆಗಿರ್ತಿರ್ಲಿಲ್ಲ" ಎಂದರು ಯಾರೋ. ಸಣ್ಣ ನಗು ಎದ್ದು ಅಲ್ಲೇ ಅಡಗಿತು.

"ಇನ್ನೊಂದು ನೋಡಿ, ತಾವು ಮೊದ್ಲು ನೋಡಿ ಹೀಗಿದೆ ಹಾಗಿದೆ ಅಂತ ಯಾವತ್ತೂ ಹೇಳಿದವರಲ್ಲ. ಎಂಥಾ ದೊಡ್ಡ ಗುಣ!" ಕಾರ್ಯದರ್ಶಿ ಕಣ್ಣೊರೆಸಿಕೊಂಡರು. ತಂಗಿಯನ್ನು ಕಂಡು ದನಿ ತಗ್ಗಿಸಿದರು. "ಮೇಡಂ, ಅವರ ಟೆಲಿಸ್ಕೋಪನ್ನ ಲೈಬ್ರರಿಯಲ್ಲಿ ಗಾಜಿನ ಬೀರು ಮಾಡಿಸಿ ಇಡೋಣ ಅಂತ. ಇವತ್ತೇ ಒಯ್ಯಬಹುದಾ?"

"ಅಲ್ಲಿ ಯಾರಾದ್ರೂ ಅದ್ರಲ್ಲಿ ನೋಡ್ತಾರಾ?"

"ಛೆ ಛೆ, ನೋಡೋಕಲ್ಲ. ನೆನಪಿಗೆ."

ಗೋಡೆಗೊರಗಿ ನಿಂತ ಬೇಕರಿಯವನು ಅಕ್ಕನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಚೆನ್ನಾಗಿಯೇ ಕಾಣುತ್ತಿದ್ದರೂ ಕಾಣದವನ ಹಾಗೆ ನೋಡುವುದನ್ನು ಆಗಲೇ ರೂಢಿ ಮಾಡಿಕೊಂಡಿದ್ದ. ಅವನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರೆ ಸಾಕಿತ್ತು, ಬೇಕರಿ ಅವನ ಕೈಯಲ್ಲೇ ಉಳಿಯುತ್ತಿತ್ತು. ಆದರೆ ಆ ಮಾತಿನ ಬಾಲ ಹಿಡಿದು ಇಂಥ ಗೀರು ಟೀಚರಿಗೆ ಕಾಣಲಿಲ್ಲವೇ ಎಂಬ ಪ್ರಶ್ನೆ ಬರುತ್ತಿತ್ತು. ಅದೂ ಹೆಣ ಎತ್ತುವ ಮೊದಲೇ. ತಂಗಿ ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡಳು. ಅಷ್ಟರಲ್ಲಿ ವಾಹನ ಬಂತು.

* * *

ಎಲ್ಲ ಮುಗಿಸಿ ಬಂದಾಗ ಹೊತ್ತು ಇಳಿಯುತ್ತಿತ್ತು. ಮುಂದಿನ ಕೋಣೆಯಲ್ಲಿ ಜನ ಊಟಕ್ಕೆ ಕೂತರು. ತಂಗಿ ತಲೆನೋವೆಂದು ಹೇಳಿ ಹಿಂದಿನ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡಳು. ಬೇಕರಿಯವನದು, ಅಲ್ಲೇ ಇದ್ದ ಅಕ್ಕನದು, ಎರಡೂ ಕೊಳವೆಗಳ ಬುಡ ಬಿಚ್ಚಿದಳು. ಕೈಗೆ ಅಭ್ಯಾಸವಾದ ಕೆಲಸ. ಅಕ್ಕನ ಕನ್ನಡಿ ಬೇಕರಿಯವನ ಕೊಳವೆಗೆ, ಅವನ ಕನ್ನಡಿ ಅಕ್ಕನ ಕೊಳವೆಗೆ. ಒಂದು ಸ್ಕ್ರೂ ಉರುಳಿ ಬೀರುವಿನ ಕೆಳಗೆ ಹೋಯಿತು. ಮೊಣಕಾಲೂರಿ ಕೈಹಾಕಿ ಹುಡುಕುವಾಗ, ದಿನವಿಡೀ ಬಾರದ ಅಳು ಬಂತು. ಅಳುತ್ತಲೇ ಸ್ಕ್ರೂ ಹುಡುಕಿದಳು, ಮೂಗೊರೆಸಿಕೊಂಡು ಬಿಗಿದಳು.

ಬೇಕರಿಯವನು ತನ್ನ ಟೆಲಿಸ್ಕೋಪನ್ನು ಒಯ್ಯಲು ಬಂದಾಗ, "ಮೇಲೆ ಬಾ, ಒಂದ್ಸಲ ನೋಡು. ಅರ್ಧಚಂದ್ರ ಹಗಲಲ್ಲೇ ಬಂದಿದ್ದಾನೆ" ಎಂದಳು.

"ಬೇಡಮ್ಮ, ಯಾಕೆ ಸುಮ್ನೆ."

"ಹೊತ್ಕೊಂಡು ಬಾ ಅಂದೆ."

ಮಹಡಿಯ ಮೇಲೆ ಅವಳೇ ಚಂದ್ರನನ್ನು ಹಿಡಿದು ಕೊಟ್ಟಳು. ಅವನು ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ.

"ಅಮ್ಮ... ತೂತು ತೂತು. ಬ್ರೆಡ್ ಕುಯ್ದ್ರೆ ಒಳಗಿರುತ್ತಲ್ಲ, ಹಾಗೆ. ಅಂಚಲ್ಲಿ ಒಂದೊಂದೂ ಬೇರೆ ಬೇರೆ ಕಾಣ್ತಿದೆ." ಎದ್ದು ಎರಡೂ ಕಣ್ಣು ಉಜ್ಜಿಕೊಂಡ, ಮತ್ತೆ ಬಗ್ಗಿದ. "ಏನ್ ಮಾಡಿದ್ರಿ?"

"ಸ್ಕ್ರೂ ಸಡಿಲ ಆಗಿತ್ತು. ಬಿಗಿ ಮಾಡ್ದೆ."

"ಅಷ್ಟೇನಾ? ನೋಡಿ, ಟೀಚರ್ ಹೇಳಿದ್ದು ಸರಿಯಾಗೇ ಇತ್ತು. ನಾನೇ ಪೆದ್ದ!" ಅವನು ನಕ್ಕ. ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ.

"ತಮ್ಮನಿಗೆ ಫೋನ್ ಮಾಡಿ ಹೇಳ್ಬಿಡು" ಎಂದಳು.

ತಂಗಿ ಕೆಳಗಿಳಿದು ಬಂದಾಗ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಅಕ್ಕನ ಕೊಳವೆಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡಿದ್ದರು. ಮುಚ್ಚಳ ಬಿಗಿಯಾಗಿ ಕೂತಿತ್ತು.

"'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿಸ್ತೀವಿ ಮೇಡಂ."

"ಹಾಕ್ಸಿ. ದೊಡ್ಡ ಅಕ್ಷರದಲ್ಲಿ ಹಾಕ್ಸಿ."

ತಂಗಿಯ ತುಟಿಯಂಚು ಕದಲಿದ್ದನ್ನು, ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಮಗಳು ನೋಡಿದಳು. "ಏನಮ್ಮ?"

ಮಗಳಿಗಾದರೂ ಹೇಳಿಬಿಡಬಹುದಿತ್ತು. ಹೇಳಿದರೆ ಮೈ ಹಗುರಾಗುತ್ತಿತ್ತು. ತಂಗಿ ಕೂಸಿನ ಜಾರಿದ ಕುಲಾವಿಯನ್ನು ಸರಿಮಾಡಿದಳು. ಇವಳಿಗೂ ಬೇಡ, ಯಾರಿಗೂ ಬೇಡ.

"ಏನಿಲ್ಲ" ಎಂದಳು.

ಹೊರಗೆ ಮೂವರೂ ಕೊಳವೆಯನ್ನು ಹೊತ್ತು, ಗೋಡೆಗೆ ತಾಗೀತೆಂದು ಒಬ್ಬರಿಗೊಬ್ಬರು ಪಿಸುದನಿಯಲ್ಲಿ ಎಚ್ಚರಿಕೆ ಹೇಳುತ್ತ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.