ಫೋನಿನ ಸರದಿ

ನಾನು ಹಡಗಿನ ಹೊಟ್ಟೆಯೊಳಗೆ ಕೂತು ಇಸ್ತ್ರಿ ಹಾಕುವವಳು. ಮೇಲೆ ಎರಡು ಸಾವಿರ ಜನ ನಾಲ್ಕು ತಿಂಗಳ ಸಮುದ್ರಯಾನಕ್ಕೆಂದು ಬಂದು ಮೈಚಾಚಿಕೊಂಡಿದ್ದಾರೆ. ಅವರು ಹೊರಳಾಡಿದ ಚಾದರಗಳೆಲ್ಲ ದಿನಾ ನನ್ನ ಮೇಜಿಗೆ ಬಂದು ಬೀಳುತ್ತವೆ. ಇಲ್ಲಿ ಕಿಟಕಿಯಿಲ್ಲ. ಸಮುದ್ರ ನೋಡಬೇಕಾದರೆ ನಾವೂ ಟಿಕೆಟ್ ಕೊಳ್ಳಬೇಕೇನೋ! ಕೋಣೆಗಳ ಬಿಳಿ ಟವೆಲ್ ಬಂದರೆ ಬೆಳಿಗ್ಗೆ, ಈಜುಕೊಳದ ನೀಲಿ ಟವೆಲ್ ಬಂದರೆ ಮಧ್ಯಾಹ್ನ. ನಮ್ಮ ಗಡಿಯಾರ ಅಷ್ಟೇ.

ಹಿಂದಿನ ಬಂದರಿನಲ್ಲಿ ನಾನೊಂದು ಅನಾಹುತ ಮಾಡಿಕೊಂಡೆ. ಅಕ್ಕ ಫೋನಿನಲ್ಲಿ, "ಸಾಕು ಕಣೇ, ಆ ಕೆಲ್ಸ ಬಿಟ್ಟು ಬಂದ್ಬಿಡು. ನಂಗ್ಯಾಕೋ ಮೈಗೆ ಸರಿಯಿಲ್ಲ" ಅಂದಳು. ನನಗೆ ಸರ್ರನೆ ಸಿಟ್ಟು ಬಂತು. "ನಿಂದು ಯಾವಾಗ್ಲೂ ಇದೇ ಗೋಳು" ಎಂದು ಕಟ್ ಮಾಡಿದೆ. ಅಮ್ಮ ಹೋದ ಮೇಲೆ ತಲೆ ಬಾಚಿ, ಮೂಗು ಒರೆಸಿ ನನ್ನನ್ನು ಬೆಳೆಸಿದವಳಿಗೆ ಆಡುವ ಮಾತೇ ಅದು? ಹಡಗು ಬಂದರು ಬಿಡುವಾಗ ಭಾವನ ಸಂದೇಶ ಬಂತು. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ, ಹದಿನೆಂಟಕ್ಕೆ ಬೆಳಿಗ್ಗೆ ಏಳೂವರೆಗೆ ಆಪರೇಷನ್, ಡಾಕ್ಟರು ಧೈರ್ಯ ಹೇಳುತ್ತಿಲ್ಲ. "ಹದಿನೇಳಕ್ಕೆ ಫೋನ್ ಮಾಡ್ತೀನಿ, ಅಕ್ಕಂಗೆ ಹೇಳಿ" ಎಂದು ಕಳಿಸಿದ್ದೇ ತಡ, ಸಿಗ್ನಲ್ ಹೋಯಿತು. ಅಕ್ಕ ಒಳಗೆ ಹೋಗುವ ಮುಂಚೆ 'ತಪ್ಪಾಯ್ತು ಕಣೇ' ಅನ್ನಬೇಕು, ನನಗೆ ಬೇಕಾದದ್ದು ಅಷ್ಟೇ.

ನಡುಸಮುದ್ರದಲ್ಲಿ ನಮ್ಮಂಥವರಿಗೆ ಒಂದೇ ಫೋನು. ಕಚೇರಿಯ ಬಾಗಿಲಿಗೆ ತಾರೀಖಿನ ಪ್ರಕಾರ ಸರದಿಯ ಪಟ್ಟಿ ಅಂಟಿಸುತ್ತಾರೆ. ನನ್ನದು ಹದಿನಾರಕ್ಕಿತ್ತು, ಪಾತ್ರೆ ತೊಳೆಯುವ ಗಡ್ಡದವನದು ಹದಿನೇಳಕ್ಕೆ. ಆಪರೇಷನ್ನಿನ ಹಿಂದಿನ ದಿನವೇ ಮಾತಾಡಿದರೆ ಅಕ್ಕನಿಗೆ ಧೈರ್ಯ ಎಂದುಕೊಂಡು ಅವನನ್ನು ಕಾಡಿ ಬೇಡಿ ಸರದಿ ಅದಲುಬದಲು ಮಾಡಿಸಿದೆ. ಮಹಾ ಬುದ್ಧಿವಂತೆ ನಾನು! ಹದಿನಾರಕ್ಕೆ ಅವನು ಮಗಳ ಜೊತೆ ಮಾತಾಡಿದ. ಪಕ್ಕದಲ್ಲಿ ನಿಂತು ನಾನೂ ನಗುತ್ತಿದ್ದೆ.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲ ಮೇಲೆ ಹದಿನೆಂಟರ ಪಟ್ಟಿ.

"ಸಾರ್, ತಪ್ಪು ಪಟ್ಟಿ ಹಾಕಿದೀರ."

ಗುಮಾಸ್ತ ತಲೆ ಎತ್ತಲೂ ಇಲ್ಲ. "ರಾತ್ರಿ ತಾರೀಖಿನ ಗೆರೆ ದಾಟಿದ್ವಿ. ಈ ಕಡೆಯಿಂದ ಆ ಕಡೆಗೆ ಹೋದ್ರೆ ಒಂದು ದಿನ ಹಾರಿಹೋಗುತ್ತೆ. ಹದಿನಾರು ಆದ್ಮೇಲೆ ಹದಿನೆಂಟೇ."

"ಹಾಗಾದ್ರೆ ಹದಿನೇಳರವರು?"

"ಮುಂದಿನ ಸುತ್ತಿಗೆ. ಇಪ್ಪತ್ತೈದಕ್ಕೆ ಬಾ."

ಸಮುದ್ರದಲ್ಲಿ ಗೆರೆಯಂತೆ! ಯಾವ ಪುಣ್ಯಾತ್ಮ ಎಳೆದನೋ, ಅವನ ಕೈ ಸೇದಿಹೋಗ! ಈ ದಾರಿಯಲ್ಲಿ ನನಗಿದು ಮೊದಲ ಯಾನ. ಮೇಲಿನವರಿಗೆ ವಾರದ ಹಿಂದೆಯೇ ಚೀಟಿ ಹಂಚಿದ್ದರಂತೆ, ಗೆರೆ ದಾಟಿದ ಖುಷಿಗೆ ಬಣ್ಣದ ಟೋಪಿ ಹಾಕಿ ಕುಣಿಸಿದ್ದರಂತೆ. ಕೆಳಗಿನವರಿಗೆ ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆ ಕುಣಿತದ ಮೇಜುಬಟ್ಟೆಗಳು ಮಾತ್ರ ಬೆಟ್ಟದಷ್ಟು ಬಂದು ಬಿದ್ದಿದ್ದವು.

"ಊರಲ್ಲಿ ಈಗೆಷ್ಟು ಹೊತ್ತು ಸಾರ್?"

"ನಮಗಿಂತ ಏಳೂವರೆ ಗಂಟೆ ಹಿಂದೆ. ಅಲ್ಲಿ ಇನ್ನೂ ಹದಿನೇಳರ ರಾತ್ರಿ."

ಅಂದರೆ ಅಕ್ಕ ಇನ್ನೂ ಕಾಯುತ್ತಿದ್ದಾಳೆ! ಅಲ್ಲಿ ಏಳೂವರೆ ಆಗುವ ಮುಂಚೆ, ಅಂದರೆ ಇಲ್ಲಿ ಮಧ್ಯಾಹ್ನ ಮೂರರೊಳಗೆ ಫೋನ್ ಸಿಕ್ಕರೆ ಸಾಕು. "ಎರಡೇ ಎರಡು ನಿಮಿಷ ಸಾರ್, ನಿಮ್ಮ ದಮ್ಮಯ್ಯ" ಎಂದು ಗೋಗರೆದೆ. ಫೋನಿನ ಕೋಣೆ ತೆರೆಯುವುದು ನಾಲ್ಕಕ್ಕೆ, ಕೀಲಿ ತನ್ನ ಹತ್ತಿರ ಇಲ್ಲ, ಎಂದ. ಕೀಲಿ ಇದ್ದ ಅಧಿಕಾರಿ ಮೇಲೆ ನಿದ್ದೆಯಲ್ಲಿದ್ದ. ನಮ್ಮ ಮೇಲ್ವಿಚಾರಕಿಯ ಬಳಿ ಹೋದರೆ, "ಮೊದ್ಲು ಮೇಜುಬಟ್ಟೆ ಮುಗ್ಸು, ಆಮೇಲೆ ಅಳುವಿಯಂತೆ" ಅಂದಳು.

ಅಳುತ್ತಲೇ ಮುಗಿಸಿದೆ. ಬಿಳಿ ಟವೆಲ್ ಹೋಯಿತು, ನೀಲಿ ಟವೆಲ್ ಬಂತು. ವಿಷಯ ತಿಳಿದ ಗಡ್ಡದವನು ಹಣೆ ಚಚ್ಚಿಕೊಂಡ. ಪಾಪ, ಅವನದೇನು ತಪ್ಪು? ಪಟ್ಟಿಯಲ್ಲಿ ಮೊದಲಿದ್ದ ಹೆಂಗಸಿನ ಹತ್ತಿರ ಹೋಗಿ ನನಗಾಗಿ ಎರಡು ನಿಮಿಷ ಬೇಡಿಕೊಂಡು ಬಂದ.

ನಾಲ್ಕಕ್ಕೆ ಬಾಗಿಲು ತೆರೆಯಿತು. ಆಸ್ಪತ್ರೆಯಲ್ಲಿ ಯಾವುದು ತಾನೇ ಹೊತ್ತಿಗೆ ಸರಿಯಾಗಿ ನಡೆಯುತ್ತದೆ, ಇನ್ನೂ ಕರೆದಿರಲಾರರು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ನಂಬರ್ ಒತ್ತಿದೆ. ಭಾವ ಎತ್ತಿದರು.

"ಒಳಗೆ ಕರ್ಕೊಂಡ್ಹೋಗಿ ಒಂದು ಗಂಟೆ ಆಯ್ತು" ಎಂದರು. "ನಿನ್ನೆ ಬೆಳಿಗ್ಗೆಯಿಂದ ಫೋನು ಎದೆ ಮೇಲಿಟ್ಕೊಂಡೇ ಮಲಗಿದ್ಲು. ಇವತ್ತು ನರ್ಸ್ ಬಂದು ಇಸ್ಕೊಳ್ಳೋವರೆಗೂ ಬಿಡ್ಲಿಲ್ಲ. ಕೊನೆಗೆ, 'ಅವಳ ಸಿಟ್ಟು ಇನ್ನೂ ಇಳಿದಿಲ್ಲ, ಬಿಡಿ' ಅಂದ್ಲು."

"ಸಿಟ್ಟಲ್ಲ ಭಾವ! ಹಡಗು ಗೆರೆ ದಾಟ್ತು. ನಮಗೆ ಹದಿನೇಳನೇ ತಾರೀಖೇ ಬರ್ಲಿಲ್ಲ. ದೇವರಾಣೆಗೂ ಬರ್ಲಿಲ್ಲ!"

ಭಾವ ಬೈಯಲಿಲ್ಲ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

"ಇಲ್ಲಿ ಬಂದಿತ್ತಲ್ಲಮ್ಮ" ಎಂದರು.